ಗಿಡ್ಡ ಬೆಂಚಿನ ಕಾಲೇಜು

ನಾನು ಎಂ.ಎ. ಓದಿದ್ದು ರಾಜಧಾನಿಯ ಸರಕಾರಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಲು ಬಸ್ಸು ಹಿಡಿಯಬೇಕಿತ್ತು. ಅಲ್ಲಿಂದ ಬಂದು ಕಾರ್ಕಳದ ಕಡೆಯ ಸರಕಾರಿ ಕಾಲೇಜಿಗೆ ಕನ್ನಡ ಉಪನ್ಯಾಸಕಿಯಾಗಿ ಸೇರಿದ ದಿನ, ಕಾಲೇಜು ಎಲ್ಲಿ ಎಂದು ಕಂಡಕ್ಟರನ್ನು ಕೇಳಿದೆ.

"ಕಾಲೇಜಾ? ಪ್ರೈಮರಿ ಶಾಲೆಯ ಒಳಗೇ ಉಂಟು" ಎಂದ.

ನಿಜವೇ. ಶಾಲೆಯವರು ಬಿಟ್ಟುಕೊಟ್ಟ ಎರಡು ಕೋಣೆಯೇ ಕಾಲೇಜು. ಮೀಸೆ ಬಂದ ಹುಡುಗರು ಪುಟ್ಟ ಮಕ್ಕಳ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತು ಹಳಗನ್ನಡ ಓದುತ್ತಿದ್ದರು. ಅಲೆವೂರಿನ ನನ್ನ ಮನೆಯಿಂದ ಹೊರಟರೆ ದಾರಿಯಲ್ಲೇ ಮಣಿಪಾಲದ ಗಾಜಿನ ಕಟ್ಟಡಗಳು. "ನಿಮ್ಮದೂ ಒಂದು ಕಾಲೇಜಾ ಮಾರಾಯ್ರೇ?" ಎಂದು ಯಾರಾದರೂ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೆಲವು ವರ್ಷಗಳಲ್ಲಿ ಗುಡ್ಡದ ಮೇಲೆ ನಮ್ಮದೇ ಕಟ್ಟಡ ಎದ್ದಿತು. ಕಟ್ಟಲು ಬಂದವರು ಬಾಗಲಕೋಟೆ ಕಡೆಯವರು. ಅವರಲ್ಲೊಬ್ಬಳ ಮಗಳು ಅಲ್ಲಿಯ ಶೆಡ್ಡಿನಲ್ಲೇ ಬೆಳೆದು, ನಮ್ಮಲ್ಲೇ ಬಿ.ಎ.ಗೆ ಸೇರಿದಳು. ನನ್ನ ತರಗತಿಯಲ್ಲಿ ಉಳಿದವರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ನನ್ನದೂ ತುಳುವೇ. ಹುಟ್ಟಿದಂದಿನಿಂದ ಕನ್ನಡ ಕೇಳಿ ಬೆಳೆದವಳು ಅವಳೊಬ್ಬಳೇ. ಅವಳು ಓದಲು ಎದ್ದು ನಿಂತರೆ ಹಿಂದಿನ ಬೆಂಚಿನ ಪುಂಡರೂ ಗಪ್‌ಚುಪ್.

ಬಿ.ಎ. ಮುಗಿಯುತ್ತಾ ಬಂದಾಗ ನಾನು ಎಂ.ಎ. ಮಾತೆತ್ತಿದೆ. ಅವಳ ತಾಯಿ ಖಡಾಖಂಡಿತವಾಗಿ ಹೇಳಿದಳು: "ಮಂಗಳೂರಿಗೆ ಕಳಸೂದಿಲ್ರಿ ಬಾಯಾರ. ಇಲ್ಲೇ ಇದ್ರ ಓದ್ಲಿ. ಇಲ್ಲಾಂದ್ರ ಮದುವಿ."

ಇಲ್ಲಿ ಎಂ.ಎ. ಇರಲಿಲ್ಲ. ಅದಕ್ಕೆ ಅನುಮತಿ ಕೊಡಲು ವಿಶ್ವವಿದ್ಯಾಲಯದ ಸಮಿತಿ ಬಂದು ನೋಡಬೇಕು, ನೋಡಲು ಬೇರೆಯೇ ಕೋಣೆ ಇರಬೇಕು. ಇದ್ದ ಕೋಣೆಗಳೆಲ್ಲ ಭರ್ತಿ. ನಾವು ಅಧ್ಯಾಪಕರು ನಮ್ಮ ಕೋಣೆಯನ್ನೇ ಕುರ್ಚಿ ಸಮೇತ ಬಿಟ್ಟುಕೊಟ್ಟು, ಶಾಲೆಯಿಂದ ಬಂದಿದ್ದ ಗಿಡ್ಡ ಬೆಂಚುಗಳನ್ನು ಜಗಲಿಗೆ ಹಾಕಿಕೊಂಡೆವು. ಪ್ರಾಂಶುಪಾಲರಿಗೆ ಕಸಿವಿಸಿ. "ಅವರು ಬರುವ ದಿನವಾದರೂ ಬೆಂಚು ಒಳಗಿಡಿ ಮೇಡಂ, ಮರ್ಯಾದೆಯ ಪ್ರಶ್ನೆ" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಎಂತ ಮರ್ಯಾದೆ ಸರ್? ಈ ಕಾಲೇಜು ಹುಟ್ಟಿದ್ದೇ ಇದರ ಮೇಲೆ. ನಾನು ಎತ್ತುವುದಿಲ್ಲ." ಎತ್ತಲೂ ಇಲ್ಲ.

ಸಮಿತಿಯ ಹಿರಿಯರು ಎಲ್ಲ ನೋಡಿ ಜಗಲಿಗೆ ಬಂದರು. "ಅಧ್ಯಾಪಕರ ಕೋಣೆ ಎಲ್ಲಿ?"

"ಈಗ ನೋಡಿದಿರಲ್ಲ ಸರ್, ಎಂ.ಎ. ತರಗತಿ, ಅದೇ. ನಾವು ಇಲ್ಲಿ ಕೂರುತ್ತೇವೆ."

ಅವರು ಬೆಂಚಿನಲ್ಲಿ ಕುಳಿತರು. "ಕೂರುವುದು ಸುಲಭ ಸರ್, ಏಳುವಾಗ ಉಂಟು ಕಷ್ಟ" ಎಂದೆ. ನಕ್ಕು, ಏಳಲು ನನ್ನ ಕೈ ಹಿಡಿದರು. "ನೀವು ಜಗಲಿಗೆ ಬಂದಿದ್ದೀರಿ ಅಂದರೆ ಇನ್ನು ನಾವು ಇಲ್ಲ ಅನ್ನುವುದು ಹೇಗಮ್ಮ?" ಎಂದರು. ಆ ವರ್ಷವೇ ಅನುಮತಿ ಬಂತು. ಹುಡುಗಿ ಮೊದಲ ತಂಡದಲ್ಲೇ ಸೇರಿದಳು.

ಈಗ ಸ್ನಾತಕೋತ್ತರ ವಿಭಾಗಕ್ಕೆ ಬೇರೆ ಕಟ್ಟಡವೇ ಇದೆ. ಕಾಪು, ಶಿರ್ವದಿಂದ ಮಕ್ಕಳು ಬಸ್ಸು ಬದಲಿಸಿಕೊಂಡು ಬರುತ್ತಾರೆ. ರಾಜಧಾನಿಯ ಆ ದೊಡ್ಡ ವಿಶ್ವವಿದ್ಯಾಲಯ ನನ್ನನ್ನು ಬೆಳೆಸಿತು, ಇಲ್ಲವೆನ್ನುವುದಿಲ್ಲ. ಆದರೆ ಇದು ಬೆಳೆದದ್ದು ನನ್ನ ಕಣ್ಣೆದುರು. ನನಗೆ ಹೆಮ್ಮೆ ಇದರದೇ.

ಕಳೆದ ವರ್ಷ ಆ ಹುಡುಗಿ ಅತಿಥಿ ಉಪನ್ಯಾಸಕಿಯಾಗಿ ನಮ್ಮಲ್ಲಿಗೇ ಬಂದಳು. ಮೊದಲ ಪಾಠದ ದಿನ ಅವಳ ತಾಯಿ ಚಪ್ಪಲಿ ಬಿಚ್ಚಿ ಬಾಗಿಲಾಚೆ ನಿಂತಿದ್ದಳು. ಗುಡ್ಡದ ಹಳೆಯ ಕಟ್ಟಡದಲ್ಲಿ ನಾವು ಎಂ.ಎ.ಗೆ ಬಿಟ್ಟುಕೊಟ್ಟಿದ್ದ ಅದೇ ಕೋಣೆ.

"ಈ ಗ್ವಾಡಿಗೆ ಕಲ್ಲು ಹೊತ್ತೀನ್ರಿ" ಎಂದು ಗೋಡೆ ಸವರಿದಳು. "ಮ್ಯಾಲ ಛಾವಣಿ ಬಿದ್ದಮ್ಯಾಲ ಒಳಗ ಬಂದಿಲ್ಲ. ಏನ್ ಕಲಸ್ತಾಳ್ರಿ ಇಕಿ?"

"ಕನ್ನಡ."

"ಅಯ್ಯ, ಅದನ್ನ ಇಕಿಗೆ ನಾನಽ ಕಲಿಸೀನಲ್ರಿ."

"ಹೌದಮ್ಮ, ನೀವೇ. ನಮಗೆಲ್ಲ ಅದನ್ನು ಶಾಲೆ ಕಲಿಸಬೇಕಾಯಿತು" ಎಂದು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ.

ಮಗಳು ಹಾಜರಿ ಕರೆದಳು. ಎಲ್ಲರ ಹೆಸರು ಮುಗಿದ ಮೇಲೆ ತಾಯಿಯ ಹೆಸರನ್ನೂ ಕರೆದಳು.

ತಾಯಿ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. "ಇಲ್ಲೇ ಅದೀನವಾ" ಎಂದಳು.