ಕೊಬ್ಬರಿ ಅಟ್ಟದ ಕೆಳಗೆ ಕಬ್ಬಿಣದ ಒಲೆ

ಸಾಮಾನು ಇಳಿಸಿ ನೀರು ಕುಡಿಯಲು ಕೂತಿದ್ದೆವು. ತಲೆಯ ಮೇಲೆ ಏನೋ ಗುಡುಗುಡು ಉರುಳಿ ಗೋಡೆಗೆ ಬಡಿದು ನಿಂತಿತು. ನಾನು ಚೊಂಬು ಬಿಟ್ಟು ಹೊರಗೋಡಿದೆ. ಮನೆಯ ಒಡತಿ ಗೌರಮ್ಮ ಜಗುಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದವರು ತಲೆ ಕೂಡ ಎತ್ತಲಿಲ್ಲ. ಅಟ್ಟದಲ್ಲಿ ಕಾಯಿ ಉರುಳಿದ್ದು, ಇಲಿ ಓಡಾಡಿರಬೇಕು ಎಂದರು.

ಬಾಗಲಕೋಟೆ ಕಡೆಯ ನಮ್ಮ ಮನೆಗಳಲ್ಲಿ ತಲೆಯ ಮೇಲಿರುವುದು ಮಣ್ಣಿನ ಮಾಳಿಗೆ. ಅಲ್ಲಿ ಮೆಣಸಿನಕಾಯಿ ಒಣಗಿಸುತ್ತೇವೆ, ಬೇಸಿಗೆಯಲ್ಲಿ ಮಲಗುತ್ತೇವೆ. ಇಲ್ಲಿ, ತಿಪಟೂರಿನ ಹತ್ತಿರದ ಅರಳಗುಪ್ಪೆಯಲ್ಲಿ, ಹೆಂಚಿನ ಕೆಳಗೊಂದು ಮರದ ಅಟ್ಟ, ಅದರ ತುಂಬ ಸುಲಿಯದ ತೆಂಗಿನಕಾಯಿ. ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಬಿದ್ದಿದ್ದು, ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಇಡೀ ಉಂಡೆಯಾಗಬೇಕು. ಅದನ್ನು ಇವರು ಗಿಟುಕು ಎನ್ನುತ್ತಾರೆ. ಇವರ ವರ್ಷದ ಬಾಳೆಲ್ಲ ಆ ಗಿಟುಕಿನ ಮೇಲೆ.

ನಮ್ಮವರು ಮೇಷ್ಟ್ರು. ವರ್ಗವಾಗಿ ಈ ಕಡೆಯ ಹೈಸ್ಕೂಲಿಗೆ ಬಂದರು. ಅವರ ಹಿಂದೆ ನಾನು, ನನ್ನ ರೊಟ್ಟಿ ಹಂಚು, ಒಂದು ಚೀಲ ಜೋಳ. ಗೌರಮ್ಮನ ಮನೆಯ ಅರ್ಧ ಭಾಗ ಖಾಲಿ ಇದೆಯೆಂದು ನೋಡಲು ಬಂದಾಗ ಅವರು ಕೇಳಿದ್ದು ಒಂದೇ ಮಾತು. "ಸೌದೆ ಒಲೆ ಹಚ್ತೀರಾ, ಇಲ್ಲ ಬರೀ ಗ್ಯಾಸಾ?" ರೊಟ್ಟಿಗೆ ಸೌದೆಯೇ ಆಗಬೇಕೆಂದೆ. ತಕ್ಷಣ ಬೀಗದ ಕೈ ಕೊಟ್ಟರು. ಜಾತಿ ಕೇಳದವರು ಒಲೆ ಏಕೆ ಕೇಳಿದರು? ಗ್ಯಾಸ್ ಇಟ್ಟುಕೊಳ್ಳುವ ಯೋಗ್ಯತೆ ನಮಗಿದೆಯೋ ಇಲ್ಲವೋ ಎಂದು ಅಳೆಯುತ್ತಿದ್ದಾರೆ ಎಂದುಕೊಂಡೆ. ಅನುಮಾನ ಅಲ್ಲಿಂದಲೇ ಶುರುವಾಯಿತು.

ಇಲ್ಲಿ ಸೌದೆ ಎಂದರೆ ಒಣಗರಿ, ನಾರಿನ ಮಟ್ಟೆ, ಕರಟ. ಕರಟಕ್ಕೆ ನಮ್ಮಲ್ಲಿ ಪರಟಿ ಎನ್ನುತ್ತೇವೆ, ದೇವರಿಗೆ ಕಾಯಿ ಒಡೆದಾಗ ಸಿಕ್ಕರೆ ಉಂಟು. ಇಲ್ಲಿ ಹಿತ್ತಲಲ್ಲಿ ಗುಡ್ಡೆ ಬಿದ್ದಿರುತ್ತದೆ. ಊರಿನಲ್ಲಿ ಹತ್ತಿಕಟ್ಟಿಗೆ ಒಟ್ಟುವ ಅಭ್ಯಾಸದಲ್ಲಿ ಕರಟವನ್ನೂ ಕೈತುಂಬ ಒಟ್ಟಿಬಿಟ್ಟೆ. ಅದು ಚಟಚಟ ಸಿಡಿದು, ಒಂದು ಕಿಡಿ ಅಟ್ಟದ ತೊಲೆಯ ತನಕ ಹಾರಿತು. ಅದು ಆರುವವರೆಗೆ ನೀರಿನ ಚೊಂಬು ಹಿಡಿದು ನಿಂತಿದ್ದೆ. ಅಟ್ಟ ಹತ್ತಿಕೊಂಡರೆ ಊರವರು ಇಲಿಯನ್ನು ಬೈಯುತ್ತಾರೆಯೇ? ಎಲ್ಲಿಂದಲೋ ಬಂದವಳನ್ನು ಬೈಯುತ್ತಾರೆ.

ಗೌರಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ಚಿಕ್ಕನಾಯಕನಹಳ್ಳಿಗೆ ಹೋದದ್ದೇ ತಡ, ತಿಪಟೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಒಲೆ ಮಾಡಿಸಿದೆ. ಬಾಗಿಲಿರುವ ಪೆಟ್ಟಿಗೆಯಂಥದ್ದು, ಹಳೆಯ ಒಲೆಗೂಡಿನೊಳಗೇ ಕೂರುವಂಥದ್ದು. ಗಾರೆ ಕೆಲಸದವರನ್ನು ಕರೆಸಿ ಅದರ ಅಡಿಗೆ ಬೆಂಕಿ ತಾಳುವ ಇಟ್ಟಿಗೆ ಹಾಸಿಸಿದೆ. ಕೆಂಡ ಬಿದ್ದರೆ ಕಲ್ಲಿನ ಮೇಲೆ ಬೀಳಲೆಂದು ಮುಂದಕ್ಕೆ ಅಗಲವಾದ ಚಪ್ಪಡಿ. ಕಬ್ಬಿಣಕ್ಕೂ ಗೋಡೆಗೂ ನಡುವೆ ಕೈ ಹೋಗುವಷ್ಟು ಸಂದು. ಹೊಗೆ ಕೊಳವೆ ಎಲ್ಲೂ ಮರ ಮುಟ್ಟದಂತೆ ಗೋಡೆ ತೂರಿ ಹೊರಕ್ಕೆ. ಸಾಲದ್ದಕ್ಕೆ ಒಲೆಯ ನೇರಕ್ಕೆ, ಅಟ್ಟದ ಕೆಳಗೊಂದು ತಗಡು. ಮೊದಲ ರೊಟ್ಟಿ ಉಬ್ಬಿದಾಗ ಈ ಸೀಮೆಯನ್ನೇ ಗೆದ್ದೆನೆಂದು ಹಿಗ್ಗಿದೆ.

ಊರಿಂದ ಬಂದ ಗೌರಮ್ಮ ಹೊಸ್ತಿಲಲ್ಲೇ ನಿಂತು ಮೂಗರಳಿಸಿದರು. ಒಲೆ, ಕೊಳವೆ, ತಗಡು, ಎಲ್ಲ ನೋಡಿ ಚೆನ್ನಾಗಿದೆ ಎಂದಷ್ಟೇ ಅಂದು ಹೋದರು. ಅಂದಿನಿಂದ ದಿನಾ ಒಂದು ನೆಪ. ಹೆಪ್ಪು ಹಾಕಲು ಮೊಸರು ಬೇಕು, ಬೆಂಕಿಪೊಟ್ಟಣ ಬೇಕು. ಬಂದವರು ನನ್ನ ಮುಖ ನೋಡದೆ ಅಟ್ಟ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಒಲೆಯ ಬಾಗಿಲು ಮುಟ್ಟಿ ನೋಡುತ್ತಿದ್ದೆ. ನಮ್ಮನ್ನು ಬಿಡಿಸಿ ಬೇರೆ ಯಾರನ್ನೋ ತರುವ ಹೂಟ ಇದು ಎಂದು ನಮ್ಮವರೊಡನೆ ಜಗಳ ತೆಗೆದೆ. ಹೋಗಿ ಅವರನ್ನೇ ಕೇಳಬಾರದೇ ಎಂದರು. ಕೇಳಿದರೆ ಅವರಿಗೆ ಸಲಿಗೆ ಕೊಟ್ಟಂತೆ ಎಂದು ನಾನು ಹೋಗಲಿಲ್ಲ.

ನವರಾತ್ರಿ ಮುಗಿದ ಮೇಲೊಂದು ಬೆಳಿಗ್ಗೆ ಗೌರಮ್ಮ ಏಣಿ ಹಾಕಿ ಅಟ್ಟ ಹತ್ತಿದರು. ಇಳಿದಾಗ ಕೈಯಲ್ಲೊಂದು ಕಾಯಿ. "ದೀಪಾವಳಿ ಕಳುದ್ಮೇಲೆ ಬೇರೆ ಮನೆ ನೋಡ್ಕಳಿ" ಎಂದರು.

ನನ್ನ ಮನಸ್ಸಿನಲ್ಲಿದ್ದದ್ದೆಲ್ಲ ಹೊರಬಿತ್ತು. ಅವರ ಕೈ ಹಿಡಿದು ಒಲೆಯ ಮುಂದೆ ನಿಲ್ಲಿಸಿದೆ. ಇಟ್ಟಿಗೆ ತೋರಿಸಿದೆ, ಸಂದು ತೋರಿಸಿದೆ. "ತೊಲಿ ಮುಟ್ಟಿ ನೋಡ್ರಿ, ತಣ್ಣಗದ. ನಿಮ್ಮ ಕಾಯಿಗೆ ಕಿಡಿ ತಾಗಬಾರದಂತ ಇಷ್ಟೆಲ್ಲಾ ಮಾಡೇನಿ. ಇನ್ನ ಏನ್ ಬೇಕ್ರಿ ನಿಮಗ?"

ಅವರು ಕಾಯಿಯನ್ನು ನನ್ನ ಕಿವಿಯ ಹತ್ತಿರ ತಂದು ಅಲುಗಿಸಿದರು. ಒಳಗೆ ನೀರು ಕುಲುಕಿತು.

"ಇಷ್ಟೊತ್ಗೆ ಇದು ಇಂಗ್ಬೇಕಿತ್ತು ಕಣ್ರೀ. ನಮ್ಮತ್ತೆ ಕಾಲದಿಂದ್ಲೂ ಈ ಒಲೆ ಹೊಗೇಲೆ ಅಟ್ಟ ಒಣಗಿದ್ದು. ಗ್ಯಾಸ್ನೋರು ಎಷ್ಟೋ ಜನ ಬಂದ್ರು, ಕೊಡ್ಲಿಲ್ಲ. ನೀವು ಸೌದೆ ಹಚ್ತೀನಿ ಅಂದಿದ್ಕೆ ಕೊಟ್ಟೆ. ನಾನಿಲ್ದಾಗ ನೋಡ್ಕಂಡು ಹೊಗೇನ ಆಚೆಗಟ್ಟಿದ್ರಿ."

ನಾನು ಚಪ್ಪಡಿಯ ಮೇಲೆ ಕೂತುಬಿಟ್ಟೆ. ಕಿಡಿಯ ಜೊತೆ ಯಾವ ಹೊಗೆಯನ್ನು ಹೊರಗಟ್ಟಲು ಅಷ್ಟು ಬಂದೋಬಸ್ತು ಮಾಡಿದ್ದೆನೋ, ಆ ಹೊಗೆಗಾಗಿಯೇ ಇವರು ನಮಗೆ ಮನೆ ಕೊಟ್ಟಿದ್ದರು. ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಕೇಳಿದೆ. ಹೊಗೆ ಆಗದಿದ್ದರೆ ನೀವೂ ಹೇಳಬಹುದಿತ್ತು, ಕದ್ದು ಕಟ್ಟಿಸಿದವರ ಹತ್ತಿರ ಏನು ಮಾತು ಎಂದರು. ನನ್ನಷ್ಟೇ ಅನುಮಾನದ ಹೆಂಗಸು ಈ ಸೀಮೆಯಲ್ಲೂ ಇದ್ದರಲ್ಲ ಎಂದು ನನಗೆ ನಗು ಬಂತು. ಅವರು ನಗಲಿಲ್ಲ.

ಅಂದೇ ತಗಡು ತೆಗೆಸಿದೆ. ಈಗ ರೊಟ್ಟಿ ಕಬ್ಬಿಣದ ಒಲೆಯ ಮೇಲೆ. ಅದರ ಮುಂದಿನ ಚಪ್ಪಡಿಯ ಮೇಲೆ ಹಳೆಯ ಬಾಣಲೆಯಲ್ಲಿ ನಾಲ್ಕು ಮಟ್ಟೆ, ಉರಿಯದಂತೆ ಬರೀ ಹೊಗೆಯಾಡಲು. ಆರುವ ತನಕ ಒಬ್ಬರಾದರೂ ಕಾಯುತ್ತೇವೆ. ಗೌರಮ್ಮ ಅಟ್ಟ ನೋಡುತ್ತಾ ಕೂರುತ್ತಾರೆ, ನಾನು ಕೆಂಡ ನೋಡುತ್ತಾ ಕೂರುತ್ತೇನೆ. ಮನೆ ಬಿಡುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಬಿಡಬೇಡಿ ಎಂದೂ ಹೇಳಲಿಲ್ಲ.

ಎಳ್ಳಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಸೀರೆಯೆಲ್ಲ ಹೊಗೆ ವಾಸನೆ ಎಂದು ಅವ್ವ ಮೂಗು ಮುರಿದಳು. ಅವಳೊಡನೆ ದೇವರ ಕಾಯಿ ತರಲು ಅಂಗಡಿಗೆ ಹೋದೆ. ಒಂದೊಂದನ್ನೇ ಕಿವಿಗೆ ಹಿಡಿದು ಅಲುಗಿಸಿದೆ. ಒಂದರಲ್ಲಿ ನೀರಿನ ಸದ್ದೇ ಇಲ್ಲ, ಒಳಗೆ ಉಂಡೆ ಲೊಡಲೊಡ ಎಂದಿತು. ಖುಷಿಯಿಂದ ಅದನ್ನೇ ಚೀಲಕ್ಕೆ ಹಾಕಿದೆ. ಅವ್ವ ಹೊರಗೆ ತೆಗೆದಳು.

"ನೀರಿಲ್ಲದ ಕಾಯಿ ದೇವರಿಗೆ ಒಡೀತಾರೇನ? ಯಾವೂರಾಕಿ ಆದಿ ನೀ?"

ನೀರಿರುವ ಇನ್ನೊಂದನ್ನು ಆರಿಸಿದೆ. ಎರಡನ್ನೂ ತಂದೆ. ನೀರಿದ್ದದ್ದನ್ನು ಅವ್ವನ ದೇವರಿಗೆ ಒಡೆದೆವು. ನೀರಿಲ್ಲದ್ದು ಗೌರಮ್ಮನಿಗೆ ಕೇಳಿಸಲೆಂದು ತಿಪಟೂರಿನ ತನಕ ನನ್ನ ಮಡಿಲಲ್ಲೇ ಇತ್ತು.