ಇಬ್ಬರ ಒಮ್ಮತ

ನನ್ನ ಪಿಎಚ್‌.ಡಿ. ವಿಷಯ ಶಿಕ್ಷಕರ ಆನ್‌ಲೈನ್ ತರಬೇತಿ. ತರಬೇತಿಯ ಚರ್ಚಾ ಪುಟದಲ್ಲಿ ಅವರು ಬರೆದ ಒಂದೊಂದು ಸಂದೇಶವನ್ನೂ ಓದಿ, ಆಳವಾದ ಚಿಂತನೆ, ಪ್ರಶ್ನೆ, ಗೊಣಗಾಟ ಎಂದು ವಿಂಗಡಿಸಬೇಕಿತ್ತು. ನನ್ನ ವಿಂಗಡಣೆ ಸರಿಯೇ ಎಂದು ತಿಳಿಯಲು ಇನ್ನೊಬ್ಬರು ಅದೇ ಸಂದೇಶಗಳನ್ನು ಬೇರೆಯಾಗಿ ಕೂತು ವಿಂಗಡಿಸಬೇಕು. ಹರಿಹರದಲ್ಲಿ ಶಿಕ್ಷಕಿಯಾಗಿದ್ದ, ಬಿ.ಇಡಿ.ಯಲ್ಲಿ ನನ್ನ ಜೊತೆ ಓದಿದ ಗೆಳತಿ ಒಪ್ಪಿಕೊಂಡಳು.

ನಮ್ಮಿಬ್ಬರ ಪಟ್ಟಿಗಳು ಹೊಂದಲೇ ಇಲ್ಲ. ದಾವಣಗೆರೆಯಲ್ಲಿ ನನ್ನ ಗೈಡ್ ನೋಡಿ ಮುಖ ಸಿಂಡರಿಸಿದರು. "ಇಬ್ರೂ ಕೂಡಿ ಕುಂತು ಸರಿ ಮಾಡ್ರಿ."

ಎರಡು ಭಾನುವಾರ ಹರಿಹರದ ಅವಳ ಮನೆಯಲ್ಲಿ ಕೂತೆವು. 'ನೆಟ್ ಇಲ್ಲದ ಶಾಲೇಲಿ ಇದನ್ನ ಹೆಂಗೆ ಮಾಡ್ಸೋದು?' ಎಂಬ ಒಂದು ಸಾಲಿನ ಸಂದೇಶವನ್ನು ನಾನು ಗೊಣಗಾಟಕ್ಕೆ ಹಾಕಿದ್ದೆ.

"ಇದು ಪ್ರಶ್ನೆ ಐತಲ್ಲೇ," ಎಂದಳು.

"ಪಾಠದ ಬಗ್ಗೆ ಅಲ್ವಲ್ಲ. ಬದಲಾಯಿಸು," ಎಂದೆ. ಬದಲಾಯಿಸಿದಳು. ಹೀಗೆ ಬಹಳಷ್ಟು ಬದಲಾದವು. ಒಮ್ಮತ ಬಂತು.

ಆ ಸಾಲು ಬರೆದ ಶಿಕ್ಷಕರೇ ಉದ್ದುದ್ದ ಸಂದೇಶಗಳನ್ನೂ ಬರೆದಿದ್ದರು. ಅವೆಲ್ಲ ನಮ್ಮಲ್ಲಿ 'ಆಳವಾದ ಚಿಂತನೆ'. ಅವರನ್ನು ಮಾತಾಡಿಸಲು ಆನಗೋಡಿನ ಕಡೆ ಅವರ ಶಾಲೆಗೆ ಹೋದೆ. ಅವರು ನಕ್ಕರು.

"ಅಯ್ಯೋ ಮೇಡಂ, ಅವು ನನ್ನವಲ್ಲ. ಹಿಂದಿನ ಬ್ಯಾಚ್‌ನೋರು ಬರ್ದಿದ್ದನ್ನ ಕಾಪಿ ಹೊಡೆದೀನಿ. ಉದ್ದ ಬರೀದಿದ್ರೆ ಹಾಜರಿ ಕೊಡ್ತಿರ್ಲಿಲ್ಲ. ನಾನಾಗೇ ಕೇಳಿದ್ದು ನೆಟ್ ವಿಚಾರ ಒಂದೇ. ಅದಕ್ಕ ಯಾರೂ ಉತ್ರ ಕೊಡ್ಲಿಲ್ಲ ನೋಡ್ರಿ."

ಅವರು ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಗೈಡ್ ಮುಂದೆ ಎಲ್ಲ ಹೇಳಿದೆ. "ನಿಮ್ಮಿಬ್ಬರ ಪಟ್ಟಿ ಹೊಂದೇತಿಲ್ಲೋ?" ಎಂದರು.

"ಇಬ್ರೂ ಸೇರಿ ತಪ್ಪು ಮಾಡೀವಿ ಸರ್."

"ಅದನ್ನ ಯಾರೂ ಕೇಳಂಗಿಲ್ಲ. ಮುಗಿಸ್ರಿ."

ಗೆಳತಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. "ಹಂಗಾದ್ರೆ ಮೊದ್ಲಿಂದ ಮಾಡೋಣ. ಈ ಸಲ ಕೊನೇತನ್ಕ ಬೇರೆ ಬೇರೆ ಕುಂತು," ಎಂದಳು. ಇನ್ನೊಂದು ವರ್ಷ ಹಿಡಿಯುತ್ತದೆ, ಆಗಲ್ಲ ಎಂದೆ. "ಹಂಗಾದ್ರೆ ನನ್ನ ಹೆಸ್ರು ಬ್ಯಾಡ," ಎಂದು ಫೋನ್ ಇಟ್ಟಳು. ನಾನು ಪ್ರಬಂಧದಲ್ಲಿ ಅವಳ ಹೆಸರು ತೆಗೆದು, 'ಸ್ವತಂತ್ರವಾಗಿ ವಿಂಗಡಿಸಿದ ಒಬ್ಬ ಅನುಭವಿ ಶಿಕ್ಷಕಿ' ಎಂದು ಬರೆದೆ. ಸ್ವತಂತ್ರವಾಗಿ ಎಂಬ ಪದವನ್ನು ಒಂದಿಷ್ಟೂ ಅಳುಕದೆ ಬರೆದೆ. ಅದೇ ಈಗ ನನಗೆ ಹೇಸಿಗೆ.

ವೈವಾದಲ್ಲಿ ಪರೀಕ್ಷಕರು ಈ ವಿಂಗಡಣೆಯ ಅಧ್ಯಾಯವನ್ನೇ ಹೊಗಳಿದರು. ನಾನು ಎದ್ದು ಕೈಮುಗಿದೆ. ಈಗ ನನ್ನ ಕೈಕೆಳಗೂ ಸಂಶೋಧಕರಿದ್ದಾರೆ. ಇಬ್ಬರ ಪಟ್ಟಿ ಹೊಂದುತ್ತಿಲ್ಲ ಎಂದು ಮೊನ್ನೆ ಒಬ್ಬಳು ಬಂದು ನಿಂತಳು. ಬೇರೆ ಬೇರೆ ಕೂತು ಮತ್ತೆ ಮಾಡಿ ಎನ್ನಬೇಕಿತ್ತು. ಮುಂದಿನ ವಾರ ಬಾ ಎಂದು ಕಳಿಸಿದೆ.