ಊರ ಕೆರೆ ಕೇಳುತ್ತಿದ್ದ ಎಕ್ಸರೇ ಅಣ್ಣ

ಇವತ್ತು ಮಾಡಿದ್ದು ಇಷ್ಟು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಅವರೆಕಾಯಿ ಸುಲಿದು ಕಾಳು ನೆನೆಹಾಕಿದೆ. ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದೆ. ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಪಕ್ಕೆ ನೋವು ಅನ್ನುತ್ತಿದ್ದ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿನ ಹಿಂದೆ ಹೊಸದಾಗಿ ಆಗಿರುವ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ಎಕ್ಸರೇ ತೆಗೆಸಿದೆ. ನನ್ನನ್ನು ಒಳಗೆ ಬಿಡಲಿಲ್ಲ. ಹೊರಗೆ ಕುರ್ಚಿಯಲ್ಲಿ ಕೂತು ಗೋಡೆ ಮೇಲಿನ ಟೀವಿ ನೋಡಿದೆ. ಮುರಿದಿಲ್ಲ, ಬರೀ ಪೆಟ್ಟು ಅಂದರು. ಮನೆಗೆ ಬಂದು ಅನ್ನಕ್ಕಿಟ್ಟೆ. ಬಟ್ಟೆ ಒಗೆದು ಹರವಿದೆ. ಊಟವಾದ ಮೇಲೆ ಫ್ರಿಜ್ಜು ಒರೆಸೋಣ ಅಂತ ವಿನೆಗರ್ ಬಾಟಲಿಯ ಮುಚ್ಚಳ ತೆಗೆದೆ...

ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಒರೆಸುವ ಬಟ್ಟೆ ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

ನಾನು ಮದುವೆಯಾಗಿ ಪಾಂಡವಪುರಕ್ಕೆ ಬಂದಾಗ ನಮ್ಮ ಮನೆಗೆ ಅಂಟಿಕೊಂಡೇ ಒಂದು ಎಕ್ಸರೇ ಅಂಗಡಿ ಇತ್ತು. ಇಟ್ಟುಕೊಂಡಿದ್ದವರನ್ನು ಬೀದಿಯವರೆಲ್ಲ ಎಕ್ಸರೇ ಅಣ್ಣ ಅನ್ನುತ್ತಿದ್ದರು. ನಾನೂ ಅದನ್ನೇ ಅಂದೆ. ಅವರ ಕತ್ತಲೆಕೋಣೆ ನಮ್ಮ ಅಡುಗೆಮನೆಯ ಗೋಡೆಯ ಆಚೆಗೇ ಇತ್ತು. ಫಿಲ್ಮು ತೊಳೆಯುವ ದ್ರಾವಣದ ಹುಳಿ ವಾಸನೆ ಗವಾಕ್ಷಿಯಿಂದ ಇಳಿದು ನನ್ನ ಒಗ್ಗರಣೆಯ ಜೊತೆ ಸೇರಿಕೊಳ್ಳುತ್ತಿತ್ತು. ಮೊದಲ ವಾರ ಯಾರ ಮನೆಯಲ್ಲೋ ಉಪ್ಪಿನಕಾಯಿ ಕೆಟ್ಟಿದೆ ಅಂದುಕೊಂಡಿದ್ದೆ.

ಕರೆಂಟು ಹೋದರೆ ಫಿಲ್ಮು ಒಣಗಿಸುವ ಫ್ಯಾನು ನಿಲ್ಲುತ್ತಿತ್ತು. ಆಗ ಅವರು ಹೇಳದೆ ಕೇಳದೆ ನಮ್ಮ ಹಿತ್ತಲಿಗೆ ಬಂದು ಬಟ್ಟೆ ಒಣಹಾಕುವ ತಂತಿಗೆ ಫಿಲ್ಮುಗಳನ್ನು ಕ್ಲಿಪ್ಪು ಹಾಕಿ ತೂಗುಬಿಡುತ್ತಿದ್ದರು. ಅತ್ತೆ ಸುಮ್ಮನಿರುವವರಲ್ಲ.

"ಲೇ, ಯಾರ್ದೋ ಎದೆಗೂಡ ತಂದು ನನ್ ಸೀರೆ ಪಕ್ಕದಲ್ಲಿ ನೇತಾಕಿದ್ದೀಯಲ್ಲ, ನೋಡ್ದೋರು ಏನಂದ್ಕಂಡಾರ್ಲಾ?"

"ಸೀರೆ ಉಟ್ಕಳೋರ ಒಳಗೂ ಇದೇ ಇರದು ಬುಡು ದೊಡ್ಡವ್ವ" ಅಂತ ಅವರು ನಗುತ್ತಾ ಹೋಗುತ್ತಿದ್ದರು.

ಎಕ್ಸರೇ ಅಂದರೆ ಫೋಟೋ ಅಂತಲೇ ಹಳ್ಳಿಯವರ ಲೆಕ್ಕ. ಹೆಂಗಸರು ಮುಖಕ್ಕೆ ಪೌಡರು ಬಳಿದುಕೊಂಡು ಬರುತ್ತಿದ್ದರು, ಗಂಡಸರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ನಿಲ್ಲುತ್ತಿದ್ದರು. ಅದರಿಂದೇನೂ ತೊಂದರೆಯಿರಲಿಲ್ಲ. ತೊಂದರೆ ಬರುತ್ತಿದ್ದದ್ದು ಉಸಿರಿನದು. ಎದೆಯ ಚಿತ್ರ ತೆಗೆಯುವಾಗ ಉಸಿರು ಒಳಗೆ ಎಳೆದು ತಡೆದು ನಿಲ್ಲಬೇಕು. "ಉಸಿರು ಹಿಡ್ಕೊಳಿ" ಅಂದರೆ ನಮ್ಮ ಜನ ಎರಡು ಬೆರಳಲ್ಲಿ ಮೂಗು ಹಿಡಿದುಕೊಳ್ಳುತ್ತಿದ್ದರು! ಬಾಯಲ್ಲಿ ಉಸಿರಾಟ ನಡೆದೇ ಇರುತ್ತಿತ್ತು. ಫಿಲ್ಮು ಮಬ್ಬಾಗಿ ಹಾಳಾಗುತ್ತಿತ್ತು.

ಅದಕ್ಕೆ ಅವರು ತಮ್ಮದೇ ಒಂದು ದಾರಿ ಮಾಡಿಕೊಂಡಿದ್ದರು. ಯಾರೇ ಬರಲಿ, ಮೊದಲು ಊರು ಕೇಳುತ್ತಿದ್ದರು. ಊರು ಗೊತ್ತಾದರೆ ಅಲ್ಲಿಯ ನೀರು ಅವರಿಗೆ ಗೊತ್ತು. ಚಿನಕುರಳಿ ಕಡೆಯವನಾದರೆ ತೊಣ್ಣೂರು ಕೆರೆ, ಶ್ರೀರಂಗಪಟ್ಟಣದವನಾದರೆ ಹೊಳೆ, ಮೇಲುಕೋಟೆಯವರಾದರೆ ಕಲ್ಯಾಣಿ. ಆಮೇಲೆ ಗೋಡೆಯ ಆಚೆಯಿಂದ ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು: "ಈಗ ನಿಮ್ ಕೆರೇಲಿ ಮುಳುಗ್ತಾ ಇದ್ದೀಯ ಅಂದ್ಕೊ. ಎಳ್ಕೊ ಉಸ್ರ... ಮುಳುಗು... ಒಳಗೇ ಇರು, ಒಳಗೇ ಇರು... ಹಾಂ, ದಡ ಸೇರ್ದೆ ಬುಡು!" ಆ "ದಡ ಸೇರ್ದೆ ಬುಡು" ದಿನಕ್ಕೆ ಹತ್ತಿಪ್ಪತ್ತು ಸಲ ನಮ್ಮ ಅಡುಗೆಮನೆಗೆ ಬೀಳುತ್ತಿತ್ತು. ಮುದ್ದೆ ತಿರುವುವಾಗ ನಾನೂ ಉಸಿರು ಕಟ್ಟಿ ಬಿಟ್ಟದ್ದುಂಟು.

ಅವರದು ಅಕ್ಕಸಾಲಿಗರ ಮನೆ. ಅಪ್ಪ ಓಲೆ, ಕಾಲುಂಗುರ, ಉಡಿದಾರ ಮಾಡುವುದರಲ್ಲಿ ಹೆಸರಾದವರು. ಜನ ದೊಡ್ಡ ಊರಿನ ಗಾಜಿನ ಅಂಗಡಿಗಳಲ್ಲಿ ರೆಡಿ ಒಡವೆ ಕೊಳ್ಳುವುದಕ್ಕೆ ಶುರು ಮಾಡಿದ ಮೇಲೆ ಅಪ್ಪನ ಅಗ್ಗಿಷ್ಟಿಕೆ ವಾರಕ್ಕೊಮ್ಮೆ ಹೊತ್ತಿದರೆ ಹೆಚ್ಚು. ಮಗ ಮೈಸೂರಿಗೆ ಹೋಗಿ ಎಕ್ಸರೇ ಕೆಲಸ ಕಲಿತು ಬಂದರು. ಚಿನ್ನ ಬೆಳ್ಳಿ ಬಿಟ್ಟು ಮೂಳೆ ಹಿಡಿದುಕೊಂಡ ಅಂತ ಅಪ್ಪ ಒಂದು ವರ್ಷ ಮಾತು ಬಿಟ್ಟಿದ್ದರಂತೆ.

ಮತ್ತೆ ಮಾತು ಬಂದದ್ದು ಫಿಲ್ಮು ತೊಳೆದ ಆ ಹುಳಿ ನೀರಿನಿಂದ. ಫಿಲ್ಮಿನ ಮೇಲೆ ಬೆಳ್ಳಿಯ ಲೇಪ ಇರುತ್ತದೆ. ತೊಳೆದಾಗ ಅದರಲ್ಲಿ ಒಂದಿಷ್ಟು ದ್ರಾವಣಕ್ಕೆ ಇಳಿಯುತ್ತದೆ. ಎಲ್ಲರೂ ಮೋರಿಗೆ ಚೆಲ್ಲುವ ಆ ನೀರನ್ನು ಅಣ್ಣ ಕ್ಯಾನಿನಲ್ಲಿ ತುಂಬಿಟ್ಟು, ಪಾತ್ರೆ ಉಜ್ಜುವ ಕಬ್ಬಿಣದ ನಾರು ಹಾಕಿ ಬಿಡುತ್ತಿದ್ದರು. ಕೆಲವು ದಿನಕ್ಕೆ ತಳದಲ್ಲಿ ಕರೀ ರಾಡಿ ಕೂರುತ್ತಿತ್ತು. ಮೊದಲ ಸಲ ಆ ರಾಡಿಯನ್ನು ಅಪ್ಪನ ಮುಂದೆ ಇಟ್ಟಾಗ ಅವರು ಒಲ್ಲದ ಮನಸ್ಸಿಂದಲೇ ಬೆಳ್ಳಿ ಕರಗಿಸುವ ಮೂಸೆಗೆ ಹಾಕಿ, ಬಿಳಿಗಾರದ ಪುಡಿ ಉದುರಿಸಿ, ಊದುಗೊಳವೆಯಲ್ಲಿ ಊದಿದರಂತೆ. ಅವರೆಕಾಳಿನಷ್ಟು ಬೆಳ್ಳಿ, ಹೊಳೆಯುತ್ತಾ ನಿಂತಿತಂತೆ. "ನೀನು ಬೆಳ್ಳಿ ಬುಟ್ಟೋದೆ ಅಂದ್ಕಂಡಿದ್ದೆ ಕಣ್ಲಾ. ಅದು ನಿನ್ನ ಬುಟ್ಟಿಲ್ಲ ನೋಡು" ಅಂದರಂತೆ ಅಪ್ಪ. ಇದನ್ನು ಹೇಳುವಾಗಲೆಲ್ಲ ಎಕ್ಸರೇ ಅಣ್ಣ ಒಂದು ಗಳಿಗೆ ಆಚೆ ತಿರುಗಿಕೊಳ್ಳುತ್ತಿದ್ದರು...

ಹಾಗೇ ವರ್ಷಗಳು ಹೋದವು. ನನ್ನ ಮಗಳು ಅಂಬೆಗಾಲಿಡುತ್ತಿದ್ದ ಕಾಲಕ್ಕೆ ಒಬ್ಬ ಸೇಲ್ಸಿನವನು ಟೈ ಕಟ್ಟಿಕೊಂಡು ಬಂದ. ಅಂಗಡಿಯಲ್ಲಿ ಸೆಖೆ ಅಂತ ಇಬ್ಬರೂ ನಮ್ಮ ಜಗಲಿಯಲ್ಲಿ ಕೂತರು. ನಾನು ಕಾಫಿ ಕೊಟ್ಟೆ. ಇನ್ನು ಕತ್ತಲೆಕೋಣೆ ಬೇಡ, ದ್ರಾವಣ ಬೇಡ, ಚಿತ್ರ ಸೀದಾ ಕಂಪ್ಯೂಟರಿಗೆ ಬರುತ್ತದೆ ಅಂದ. ಮೊದಲೆಲ್ಲ ಹೊರದೇಶದ ಮಿಷನ್ನೇ ಆಗಬೇಕಿತ್ತು, ಈಗ ನಮ್ಮಲ್ಲೇ ತಯಾರಾಗುತ್ತಿವೆ, ದೇಶದಲ್ಲಿ ಈ ಮಾರ್ಕೆಟ್ಟು ಹೇಗೆ ಬೆಳೆಯುತ್ತಿದೆ ನೋಡಿ ಸಾರ್, ನಾಗಮಂಗಲ, ಕೆ.ಆರ್. ಪೇಟೆಯಲ್ಲೂ ಸ್ಕ್ಯಾನಿಂಗ್ ಬರುತ್ತದೆ ಅಂತ ಬಣ್ಣದ ಗ್ರಾಫಿನ ಹಾಳೆ ಕೊಟ್ಟ. ಮೇಲೇರುತ್ತಾ ಹೋಗುವ ಕಂಬಗಳು.

ಅಣ್ಣ ಆ ಹಾಳೆಯನ್ನು ಅಭ್ಯಾಸಬಲದಿಂದ ಎತ್ತಿ ಬೆಳಕಿಗೆ ಹಿಡಿದರು, ಫಿಲ್ಮು ಹಿಡಿದಂತೆ. ಎಡಕ್ಕೆ ಬಲಕ್ಕೆ ಓರೆ ಮಾಡಿ ನೋಡಿದರು.

"ಎಲ್ಲೂ ಮುರ್ದಂಗಿಲ್ಲ ಕಣಪ್ಪ. ಮೂಳೆ ಚೆನ್ನಾಗೇ ಬೆಳ್ದದೆ. ಆದ್ರೆ ಇದ್ರೊಳಗೆ ನಾನೆಲ್ಲಿವ್ನಿ?"

ಸೇಲ್ಸಿನವನು ನಕ್ಕ. ನಾನೂ ನಕ್ಕೆ. ಅಣ್ಣನೂ ನಕ್ಕರು, ಆದರೆ ಕಾಫಿ ಅರ್ಧಕ್ಕೇ ಬಿಟ್ಟರು.

ಅಂಥ ಮಿಷನ್ನು ಕೊಳ್ಳುವ ಶಕ್ತಿ ಅವರಿಗೆ ಇರಲಿಲ್ಲ. ಊರಲ್ಲಿ ಒಬ್ಬ ಡಾಕ್ಟರು ಅದನ್ನು ತರಿಸಿ ಸೆಂಟರು ತೆರೆದರು. ಅಣ್ಣನ ಬಾಗಿಲಿಗೆ ಬರುವ ಜನ ಕಡಿಮೆಯಾಗಿ, ಕೊನೆಗೆ ಹಳೇ ಬಗೆಯ ಫಿಲ್ಮು ಸಿಗುವುದೇ ಕಷ್ಟವಾಯಿತು. ಅಂಗಡಿ ಮುಚ್ಚಿದ ದಿನ ಅವರು ಉಳಿದ ದ್ರಾವಣವನ್ನೆಲ್ಲ ಸೋಸಿ ತೆಗೆದ ರಾಡಿಯನ್ನು ಅಪ್ಪನಿಗೆ ಕೊಟ್ಟರು. ಅದೇ ಕೊನೆಯ ಬೆಳ್ಳಿ. ವಾರ ಬಿಟ್ಟು ಒಂದು ಕಾಗದದ ಪೊಟ್ಟಣ ತಂದು ನನ್ನ ಕೈಗಿಟ್ಟರು. ಒಳಗೆ ಆ ಬೆಳ್ಳಿಯಲ್ಲಿ ಅಪ್ಪ ಮಾಡಿಕೊಟ್ಟ ಜೋಡಿ ಕಾಲ್ಗೆಜ್ಜೆ, ನನ್ನ ಮಗಳ ಅಳತೆಯದು.

"ನಾಕು ತಾಲೂಕ್ನೋರ ಎದೆಗೂಡೂ ಇದ್ರೊಳಗವೆ ಕಣವ್ವ. ಮಗ ಗಟ್ಯಾಗಿ ನಡೀತಾಳೆ ಬುಡು."

ಆಮೇಲಿನ ಕೆಲವು ತಿಂಗಳು ಅವರಿಗೆ ಚೆನ್ನಾಗಿರಲಿಲ್ಲ. ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಅಪ್ಪನ ಕಸುಬು ಅವರ ಕಣ್ಣೆದುರಿಗೇ ಹೋಗಿತ್ತು. ಅದನ್ನು ಬಿಟ್ಟು ಕಲಿತದ್ದೂ ಹೋಯಿತು. ಇನ್ನೊಂದನ್ನು ಕಲಿಯುವ ವಯಸ್ಸಲ್ಲ. ಬಾಯಿ ಬಿಟ್ಟು ಹೇಳಿದವರಲ್ಲ, ಆದರೆ ಯಾರಾದರೂ ಕೆಮ್ಮಿದರೆ ತಟ್ಟನೆ ಎದೆಯ ಕಡೆ ನೋಡುತ್ತಿದ್ದರು. ಹೋಗಿ ಆ ಸೆಂಟರಿನಲ್ಲೇ ಕೆಲಸ ಕೇಳಿ ಅಂತ ನಮ್ಮ ಯಜಮಾನರು ಅಂದರೆ, "ನಾನು ಕತ್ತಲಲ್ಲಿ ಕಣ್ ಬುಡೋನು. ಆ ಬೆಳಕಲ್ಲಿ ನಂಗೇನ್ ಕೆಲ್ಸ" ಅಂದುಬಿಟ್ಟರು.

ಆ ಚಳಿಗಾಲ ನಮ್ಮ ಯಜಮಾನರಿಗೇ ಕೆಮ್ಮು ಹಿಡಿಯಿತು. ಡಾಕ್ಟರು ಎದೆಯ ಎಕ್ಸರೇ ಬರೆದುಕೊಟ್ಟರು. ಜೊತೆಗೆ ಬನ್ನಿ ಅಂತ ಅಣ್ಣನನ್ನೂ ಆ ಸೆಂಟರಿಗೆ ಎಳೆದುಕೊಂಡು ಹೋದೆವು. ನಮಗಿಂತ ಮುಂಚೆ ಸಿಂಧಘಟ್ಟದ ಒಬ್ಬ ಅಜ್ಜ ಒಳಗಿದ್ದ. ಕಂಪ್ಯೂಟರಿನ ಮುಂದಿದ್ದ ಹುಡುಗ "ಉಸಿರು ಹಿಡ್ಕೊಳಿ" ಅಂತ ಮೂರು ಸಲ ಕೂಗಿದ. ಮೂರೂ ಸಲ ಚಿತ್ರ ಮಬ್ಬು. ಕದ ಅರ್ಧ ತೆರೆದಿತ್ತು. ನೋಡಿದರೆ ಅಜ್ಜ ಮೂಗು ಹಿಡಿದುಕೊಂಡು ನಿಂತಿದ್ದ!

ಬೆಂಚಿನ ಮೇಲಿದ್ದ ಅಣ್ಣನಿಗೆ ತಡೆಯಲಾಗಲಿಲ್ಲ. ಎದ್ದು ಕದದ ಹತ್ತಿರ ಹೋಗಿ ಅಲ್ಲಿಂದಲೇ ಕೂಗಿದರು. "ಮೂಗ್ ಬುಡಪ್ಪೋ! ಸಿಂಧಘಟ್ಟ ಅಲ್ವಾ? ನಿಮ್ ಕೆರೇಲಿ ಮುಳುಗಿಲ್ವಾ ಚಿಕ್ಕೋನಿದ್ದಾಗ?"

"ಮುಳುಗದೇನು, ಎಮ್ಮೆ ಬಾಲ ಹಿಡ್ಕಂಡು ಆಚೆ ದಡಕ್ಕೇ ಓಗ್ತಿದ್ದೆ!"

"ಸರಿ, ಎಮ್ಮೆ ಬುಡು, ನೀನೊಬ್ನೇ ಮುಳುಗು ಈಗ..."

ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿ ಬಂತು. ಡಾಕ್ಟರು ಹೊರಗೆ ಬಂದು, ಕೂಗಿದವರು ಯಾರು ಅಂತ ಕೇಳಿದರು. ಅಣ್ಣ ಬೈಗುಳ ಬೀಳುತ್ತದೆ ಅಂತ ಕೈಕಟ್ಟಿ ನಿಂತರು. ಡಾಕ್ಟರು, "ನಾಳೆಯಿಂದ ಬನ್ನಿ. ಕಂಪ್ಯೂಟರು ಹುಡುಗರು ನೋಡ್ಕೋತಾರೆ, ಜನಾನ ನೀವು ನೋಡ್ಕೊಳ್ಳಿ" ಅಂದರು. ಮನೆಗೆ ಬರುವ ದಾರಿಯಲ್ಲಿ ಕೆಮ್ಮುತ್ತಿದ್ದ ನಮ್ಮವರಿಗಿಂತ ಅಣ್ಣನೇ ಹೆಚ್ಚು ಸಲ ಎದೆ ಮುಟ್ಟಿ ನೋಡಿಕೊಂಡರು.

ಅಲ್ಲಿಂದ ಮುಂದೆ ಅವರ ಮಾತೆಲ್ಲ ಮಿಷನ್ನುಗಳದೇ. ಮೊದಲು ಆಲೆಮನೆಯ ಗಾಣದಷ್ಟು ದೊಡ್ಡದಿತ್ತು, ಈಗ ಹೆಗಲಿಗೆ ಹಾಕಿಕೊಂಡು ಹಳ್ಳಿಗೇ ಹೋಗಬಹುದಂತೆ ಅಂತ ಕಣ್ಣರಳಿಸಿ ಹೇಳುತ್ತಿದ್ದರು. ಕೆ.ಆರ್. ಪೇಟೆಯಲ್ಲಿ, ನಾಗಮಂಗಲದಲ್ಲಿ ಹೊಸ ಸೆಂಟರುಗಳಾದಾಗ ಅಲ್ಲಿಯ ಹುಡುಗ ಹುಡುಗಿಯರಿಗೆ ರೋಗಿಯನ್ನು ನಿಲ್ಲಿಸುವುದು ಕಲಿಸಲು ಬಸ್ಸು ಹತ್ತಿ ಹೋಗಿ ಬರುತ್ತಿದ್ದರು. ಒಂದು ಸಂಜೆ ನಗುತ್ತಲೇ ಬಂದರು. ಒಬ್ಬ ರೈತನಿಗೆ ಸ್ಕ್ಯಾನಿನ ಸೀಡಿ ಕೊಟ್ಟು ಕಳಿಸಿದ್ದರಂತೆ. ಅವನು ಅದನ್ನು ಡಾಕ್ಟರಿಗೆ ತೋರಿಸುವ ಬದಲು ಭತ್ತದ ಗದ್ದೆಯಲ್ಲಿ ಕೋಲಿಗೆ ಕಟ್ಟಿ, ತಿಂಗಳಾದ ಮೇಲೆ ಬಂದು "ಬೋ ಚೆನ್ನಾಗದೆ ಸಾ, ಒಂದು ಗಿಳೀನೂ ಇಳೀಲಿಲ್ಲ" ಅಂದನಂತೆ. ಅತ್ತೆ ನಕ್ಕೂ ನಕ್ಕೂ ಸೆರಗಲ್ಲಿ ಕಣ್ಣೊರೆಸಿಕೊಂಡರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಚಪ್ಪಲಿ ಮೆಟ್ಟುತ್ತಾ ಕುಸಿದರು... ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಗಿಹೋಗಿತ್ತು. ಅವರ ಮಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ. ಗವಾಕ್ಷಿಯಿಂದ ಯಾವ ವಾಸನೆಯೂ ಬರುವುದಿಲ್ಲ.

ಸಂಜೆ ನೆನೆದ ಅವರೆಕಾಳು ಹಿತುಕುತ್ತಾ ಕೂತಾಗ ವಿನೆಗರಿನ ಸಂಗತಿ ಅತ್ತೆಗೆ ಹೇಳಿದೆ. ಅವರು ಕೈ ನಿಲ್ಲಿಸಿದರು.

"ಅಯ್ಯೋ, ನೋವ್ನಲ್ಲಿ ಮರ್ತೇಬುಟ್ಟಿದ್ದೆ. ಬೆಳಿಗ್ಗೆ ಏನಾಯ್ತು ಗೊತ್ತೇನೇ? ಒಳಗೊಂದು ನಾಗಮಂಗಲದ ಎಣ್ ಮಗ ಇತ್ತು. ನನ್ನ ನಿಲ್ಸದಕ್ಕೆ ಮುಂಚೆ, 'ಅಜ್ಜಿ, ತವರು ಯಾವೂರು?' ಅಂತು. ಮೇಲುಕೋಟೆ ಅಂದೆ. 'ಹಂಗಾದ್ರೆ ಕಲ್ಯಾಣೀಲಿ ಮುಳುಗಿ ಅಜ್ಜಿ, ಒಳಗೇ ಇರಿ, ಒಳಗೇ ಇರಿ... ದಡ ಸೇರುದ್ರಿ ಬುಡಿ' ಅಂತು!"

"ಯಾರು ಕಲಿಸಿದ್ದು ಅಂತ ಕೇಳಿದ್ರಾ?"

"ಕೇಳ್ದೆ. 'ನಾಗಮಂಗಲಕ್ಕೆ ಬಂದು ಕಲಿಸ್ತಿದ್ರು, ನಮ್ ಹಳೇ ಸರ್ ಅಜ್ಜಿ, ಈಗಿಲ್ಲ' ಅಂತು. ನೋಡು ಅವನ್ನ! ಸತ್ ಮೇಲೂ ನನ್ನ ಕಲ್ಯಾಣೀಲಿ ಮುಳುಗಿಸ್ಬುಟ್ಟ."

ಪಕ್ಕೆ ಹಿಡಿದುಕೊಂಡೇ ನಕ್ಕರು. ಆಮೇಲೆ ಇಬ್ಬರೂ ಉಳಿದ ಕಾಳು ಹಿತುಕಿದೆವು.

ರಾತ್ರಿ ಊಟಕ್ಕೆ ರಾಗಿ ಮುದ್ದೆ, ಹಿತಕಿದಬೇಳೆ ಸಾರು, ಮಧ್ಯಾಹ್ನದ ಅನ್ನಕ್ಕೆ ಮಜ್ಜಿಗೆ. ಯಜಮಾನರು ಒಂದು ಮುದ್ದೆ ಹೆಚ್ಚೇ ಉಂಡರು. ಬೀರುವಿನಿಂದ ಆ ಪುಟ್ಟ ಗೆಜ್ಜೆ ತೆಗೆದು ಮಗಳಿಗೆ ತೋರಿಸಿದೆ. ಅವಳ ಮುಂಗೈಗೂ ಸಾಲದು ಈಗ. ಮೊದಲು ಮಲಗಿದ್ದು ಅತ್ತೆ. ನೋವಿನ ಮಾತ್ರೆ ನುಂಗಿ, ಪೆಟ್ಟಾದ ಪಕ್ಕೆ ಮೇಲಾಗಿ ತಿರುಗಿ, ಎಳೆದುಕೊಂಡ ಉಸಿರನ್ನು ನಿಧಾನಕ್ಕೆ ಬಿಡುತ್ತಾ ನಿದ್ದೆ ಹೋದರು.